ಓದಿದೆಯಾ ಎಂದು ಕೇಳುವವರು ಯಾರು?

ಹೋದ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ನಾನು ಮೂರು ಸಲ ಓದಿದೆ. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಿಂದ ಬಂದದ್ದು. ಬರೆದವಳು ದೂರಶಿಕ್ಷಣದಲ್ಲಿ ಎರಡನೆಯ ವರ್ಷದ ಬಿ.ಎ. ಓದುತ್ತಿರುವ ಹುಡುಗಿ. ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದವಂತೆ. ಆದರೆ ಕಾಲೇಜಿರುವ ಊರಿಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ತಾಯಿಗೆ ಮಂಡಿನೋವು, ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಶಾಲೆಗೆ ಹೋಗುವ ತಮ್ಮ. ‘ಮನೆಯಲ್ಲೇ ಓದಿಕೊಂಡರೂ ಡಿಗ್ರಿ ಡಿಗ್ರಿಯೇ ಅಲ್ಲವೇ’ ಎಂದು ತಂದೆ ದೂರಶಿಕ್ಷಣಕ್ಕೆ ಸೇರಿಸಿದರು. ಮುಂದಿನದನ್ನು ಅವಳ ಮಾತಿನಲ್ಲೇ ಕೇಳಿ:

“ಸರ್, ನನ್ನ ಜೊತೆ ಓದಿದವರೆಲ್ಲ ಬೆಳಿಗ್ಗೆ ಏಳೂವರೆ ಬಸ್ಸಿಗೆ ಕಾಲೇಜಿಗೆ ಹೋಗುತ್ತಾರೆ. ಅವರ ಕಣ್ಣಿಗೆ ಬೀಳಬಾರದು ಅಂತ ನಾನು ಆ ಹೊತ್ತಿಗೆ ಒಳಗೇ ಇರುತ್ತೇನೆ. ಪುಸ್ತಕ ತೆಗೆದರೆ ನಾಲ್ಕು ಸಾಲು ಓದುವಷ್ಟರಲ್ಲಿ ಅಳು ಬರುತ್ತೆ. ಯಾಕೆ ಅಂತ ಗೊತ್ತಿಲ್ಲ. ಮನೆಗೆ ಬಂದವರು ‘ಮಗಳು ಏನು ಮಾಡ್ತಾ ಇದಾಳೆ?’ ಅಂದರೆ ಅಮ್ಮ ‘ಮನೇಲೇ ಇದಾಳೆ’ ಅಂತಾರೆ. ಓದ್ತಾ ಇದಾಳೆ ಅಂತ ಹೇಳಲ್ಲ. ಪರೀಕ್ಷೆ ಫೀಜು ಕಟ್ಟೋಕೆ ಇನ್ನು ಇಪ್ಪತ್ತು ದಿನ ಇದೆ. ಕಟ್ಟೋದಾ ಬೇಡವಾ ಅಂತ ಯೋಚನೆ ಮಾಡ್ತಾ ಇದೀನಿ.”

ತಾಯಿಯ ಆ ಮಾತಿನಲ್ಲಿ ಕೆಟ್ಟದ್ದೇನೂ ಇಲ್ಲ. ನಾವೆಲ್ಲ ಹಾಗೆ ಹೇಳುವವರೇ. ಆದರೂ ಈ ಹುಡುಗಿಯ ದುಃಖದ ಗಂಟು ಇರುವುದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ. ಅವಳು ಓದುತ್ತಿರುವುದು ಯಾರ ಕಣ್ಣಿಗೂ ಬಿದ್ದಿಲ್ಲ. ಬರಬರುತ್ತಾ ಅವಳ ಕಣ್ಣಿಗೂ ಬೀಳದಂತಾಗಿದೆ.

ಇದು ಒಬ್ಬಳ ಕಥೆಯಲ್ಲ

ನಮ್ಮ ದೇಶದಲ್ಲಿ ಅಂಚೆಯ ಮೂಲಕ ಪದವಿ ಶಿಕ್ಷಣ ಶುರುವಾದದ್ದು 1962ರಲ್ಲಿ, ದೆಹಲಿ ವಿಶ್ವವಿದ್ಯಾಲಯದಲ್ಲಿ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಬಂತು, 1996ರಲ್ಲಿ ಮೈಸೂರಿನಲ್ಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬಂತು. ಇಷ್ಟು ವರ್ಷಗಳಲ್ಲಿ ಗುಮಾಸ್ತರು, ಕಂಡಕ್ಟರುಗಳು, ಸೈನಿಕರು, ಮಕ್ಕಳನ್ನು ಮಲಗಿಸಿ ಪುಸ್ತಕ ಹಿಡಿದ ಗೃಹಿಣಿಯರು, ಹೊಲದ ಕೆಲಸ ಮುಗಿಸಿ ಓದಿದ ಹುಡುಗರು ಹೀಗೆ ಲಕ್ಷಾಂತರ ಮಂದಿ ಈ ದಾರಿಯಲ್ಲಿ ನಡೆದು ಪದವಿ ಪಡೆದಿದ್ದಾರೆ. ಅರ್ಧ ದಾರಿಯಲ್ಲಿ ನಿಂತವರೂ ಬಹಳ. ನಾನು ಕಂಡಂತೆ ನಿಂತವರೆಲ್ಲ ದಡ್ಡರಲ್ಲ. ಒಂಟಿಯಾಗಿ ನಡೆದು ಸಾಕಾದವರು.

2020ರಲ್ಲಿ ಕೊರೋನಾ ಬಂದು ಶಾಲೆ ಕಾಲೇಜುಗಳು ಮುಚ್ಚಿದಾಗ ಎಲ್ಲ ಮಕ್ಕಳಿಗೂ ಇದರ ರುಚಿ ಸಿಕ್ಕಿತು. ಪಾಠ ಫೋನಿನಲ್ಲಿ ಬರುತ್ತಿತ್ತು, ಮೇಷ್ಟರ ಮುಖವೂ ಕಾಣುತ್ತಿತ್ತು. ಆದರೂ ಎಷ್ಟೋ ಮಕ್ಕಳು ಮಂಕಾದರು. ಪಾಠ ಮನೆಗೆ ಬಂದ ಮಾತ್ರಕ್ಕೆ ಕಾಲೇಜು ಮನೆಗೆ ಬಂದಂತಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಕಾಲೇಜು ಪಾಠವನ್ನಷ್ಟೇ ಕೊಡುವುದಿಲ್ಲ. ಗಂಟೆ ಹೊಡೆದು ಹೊತ್ತು ತಿಳಿಸುತ್ತದೆ. ಹಾಜರಿ ಕೂಗಿ ‘ನೀನು ಇದ್ದೀಯೆ’ ಎಂದು ದಿನಕ್ಕೆ ನಾಲ್ಕು ಸಲ ನೆನಪಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ಒಬ್ಬರನ್ನು ಕೂರಿಸುತ್ತದೆ. ತರಗತಿ ಮುಗಿದ ಮೇಲೆ ‘ನಿನಗೆ ಅರ್ಥವಾಯಿತಾ?’ ಎಂದು ಕೇಳುತ್ತೇವೆ. ‘ಇಲ್ಲ ಕಣೇ, ನನಗೂ ಆಗಲಿಲ್ಲ’ ಎನ್ನುತ್ತಾಳೆ ಗೆಳತಿ. ಆ ‘ನನಗೂ’ ಎಂಬ ಒಂದು ಮಾತು ಎಷ್ಟು ದೊಡ್ಡ ಸಮಾಧಾನ! ಮನೆಯಲ್ಲಿ ಒಬ್ಬಳೇ ಓದುವವಳಿಗೆ ಅದು ಸಿಗುವುದಿಲ್ಲ. ಪಾಠ ಕಷ್ಟವಾಗಿದ್ದರೆ ಅವಳು ತಾನೇ ದಡ್ಡಿ ಎಂದುಕೊಳ್ಳುತ್ತಾಳೆ. ನಾಲ್ಕು ಸಾಲಿಗೆ ಬರುವ ಅಳುವಿನ ಮೂಲ ಇದೇ ಇರಬಹುದು.

ನನ್ನ ಪೋಸ್ಟ್‌ಮ್ಯಾನ್ ಗುರು

ಇದನ್ನೆಲ್ಲ ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಾಲಾ ಮೇಷ್ಟ್ರು. ಅಂಚೆಯ ಮೂಲಕ ಇತಿಹಾಸದ ಎಂ.ಎ. ಕಟ್ಟಿದ್ದೆ. ತಿಂಗಳಿಗೋ ಎರಡು ತಿಂಗಳಿಗೋ ಕಂದು ಕವರಿನಲ್ಲಿ ಪಾಠಗಳು ಬರುತ್ತಿದ್ದವು. ಬಂದ ದಿನ ಉತ್ಸಾಹ. ಕವರು ಬಿಚ್ಚಿ, ವಾಸನೆ ನೋಡಿ, ಗೂಡಿನಲ್ಲಿ ಇಡುತ್ತಿದ್ದೆ. ಇಟ್ಟದ್ದು ಅಲ್ಲೇ ಇರುತ್ತಿತ್ತು. ಮೂರನೆಯ ಕವರು ಬರುವ ಹೊತ್ತಿಗೆ ಬಿಚ್ಚುವ ಉತ್ಸಾಹವೂ ಹೋಗಿತ್ತು. ಇಡೀ ಊರಿನಲ್ಲಿ ಎಂ.ಎ. ಓದುವವನು ನಾನೊಬ್ಬನೇ. ಅದು ಹೆಮ್ಮೆಯ ಸಂಗತಿ ಎಂದು ಜನ ಹೇಳುತ್ತಿದ್ದರು. ನನಗೆ ಮಾತ್ರ ಊರ ಹೊರಗೆ ಕೂತಂತೆ ಅನ್ನಿಸುತ್ತಿತ್ತು.

ನನ್ನನ್ನು ಉಳಿಸಿದವರು ನಮ್ಮ ಪೋಸ್ಟ್‌ಮ್ಯಾನ್. ಏಳನೆಯ ತರಗತಿಯವರೆಗೆ ಓದಿದ್ದವರು. ಒಂದು ದಿನ ಕವರು ಕೊಟ್ಟು ಜಗಲಿಯ ಮೇಲೆ ಕೂತು ಕೇಳಿದರು: “ಮೇಷ್ಟ್ರೇ, ಹೋದ ಸಲ ತಂದಿದ್ದು ಓದಿ ಆಯ್ತಾ? ಏನೈತೆ ಅದರಲ್ಲಿ?”

ನಾನು ಓದಿರಲಿಲ್ಲ. ಓದಿಲ್ಲ ಎನ್ನಲು ನಾಚಿಕೆಯಾಗಿ ‘ನಾಳೆ ಹೇಳ್ತೀನಿ’ ಎಂದೆ. ಆ ರಾತ್ರಿ ಸೀಮೆಎಣ್ಣೆ ದೀಪದ ಮುಂದೆ ಕೂತು ಓದಿದೆ. ಚೋಳರ ಕಾಲದ ಗ್ರಾಮಸಭೆಗಳ ಪಾಠ. ತಮಿಳುನಾಡಿನ ಉತ್ತರಮೇರೂರಿನ ಶಾಸನದಲ್ಲಿ ಸಭೆಯ ಸದಸ್ಯರನ್ನು ಆರಿಸುತ್ತಿದ್ದ ಕ್ರಮವಿದೆ. ಹೆಸರುಗಳನ್ನು ಓಲೆಗರಿಯ ಮೇಲೆ ಬರೆದು ಮಡಕೆಗೆ ಹಾಕಿ, ಚಿಕ್ಕ ಹುಡುಗನ ಕೈಯಿಂದ ಒಂದೊಂದಾಗಿ ಎತ್ತಿಸುತ್ತಿದ್ದರು. ಮಾರನೆಯ ದಿನ ಪೋಸ್ಟ್‌ಮ್ಯಾನ್‌ಗೆ ಅದನ್ನು ಹೇಳಿದೆ. ಅವರು ಸುಮ್ಮನೆ ತಲೆಯಾಡಿಸಲಿಲ್ಲ. “ಯಾರ ಹೆಸರು ಬೇಕಾದ್ರೂ ಮಡಕೆಗೆ ಹಾಕಬೌದಿತ್ತಾ?” ಎಂದರು.

ನನಗೆ ಗೊತ್ತಿರಲಿಲ್ಲ. ಮತ್ತೆ ಪಾಠ ತೆರೆದೆ. ಸ್ವಂತ ಜಮೀನಿರಬೇಕು, ಸ್ವಂತ ನಿವೇಶನದಲ್ಲಿ ಮನೆಯಿರಬೇಕು, ವಯಸ್ಸು 35ರಿಂದ 70ರೊಳಗಿರಬೇಕು, ಶಾಸ್ತ್ರ ಬಲ್ಲವನಾಗಿರಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಹಾಕುವಂತಿಲ್ಲ, ಅವನ ನೆಂಟರಿಷ್ಟರದ್ದೂ ಹಾಕುವಂತಿಲ್ಲ. ಇದನ್ನು ಕೇಳಿ ಅವರು ತೊಡೆ ತಟ್ಟಿ ನಕ್ಕರು. “ಅದೊಂದು ರೂಲ್ಸು ಈಗಲೂ ಇಟ್ಟಿದ್ರೆ ನಮ್ಮೂರು ಉದ್ಧಾರ ಆಗೋದು ಮೇಷ್ಟ್ರೇ!”

ಅಲ್ಲಿಂದ ಮುಂದೆ ಕವರು ಬಂದ ವಾರದಲ್ಲಿ ಒಂದು ಸಂಜೆ ಜಗಲಿಯ ಮೇಲೆ ನನ್ನ ‘ತರಗತಿ’. ಅವರು ಕೇಳುವುದು, ನಾನು ಹೇಳುವುದು. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗಲೂ ಅವರಿಗೇ ಹೇಳುತ್ತಿದ್ದೇನೆ ಎಂದುಕೊಂಡು ಬರೆದೆ. ಪಾಸಾದೆ. ಉತ್ತರಮೇರೂರಿನ ಆ ಅರ್ಹತೆಗಳು ಇವತ್ತಿಗೂ ನನ್ನ ನಾಲಿಗೆಯ ತುದಿಯಲ್ಲಿವೆ.

ಆ ಮನುಷ್ಯ ನನಗೆ ಇತಿಹಾಸ ಕಲಿಸಲಿಲ್ಲ. ‘ಓದಿ ಆಯ್ತಾ, ಏನೈತೆ’ ಎಂದು ಕೇಳಿದರು, ಹೇಳಿದ್ದನ್ನು ಕಿವಿಗೊಟ್ಟು ಕೇಳಿದರು. ನನಗೆ ಬೇಕಾಗಿದ್ದದ್ದು ಅಷ್ಟೇ. ಯಾರ ಹಂಗೂ ಇಲ್ಲದೆ ಕಲಿತವನೆಂದು ಏಕಲವ್ಯನನ್ನು ಹೊಗಳುತ್ತೇವೆ. ಅವನಿಗೂ ಎದುರಿಗೆ ಒಬ್ಬ ಮಣ್ಣಿನ ದ್ರೋಣ ಬೇಕಾಗಿತ್ತು ಎಂಬುದನ್ನು ಮರೆಯುತ್ತೇವೆ.

ದೂರ ಎಂದರೆ ಎಷ್ಟು ದೂರ?

ದೂರಶಿಕ್ಷಣದ ಬಗ್ಗೆ ಆಳವಾಗಿ ಯೋಚಿಸಿದವರಲ್ಲಿ ಮೈಕೆಲ್ ಮೂರ್ ಎಂಬ ಶಿಕ್ಷಣತಜ್ಞರು ಒಬ್ಬರು. ಅವರ ವಿಚಾರದ ಸಾರ ಇದು: ದೂರಶಿಕ್ಷಣದಲ್ಲಿ ದೂರವನ್ನು ಮೈಲಿಗಳಲ್ಲಿ ಅಳೆಯಬಾರದು. ಕಲಿಸುವವರ ಮತ್ತು ಕಲಿಯುವವರ ನಡುವೆ ಮಾತುಕತೆ ಕಡಿಮೆಯಾದಷ್ಟೂ ದೂರ ಹೆಚ್ಚು, ಮಾತುಕತೆ ಹೆಚ್ಚಾದಷ್ಟೂ ದೂರ ಕಡಿಮೆ. 1971ರಲ್ಲಿ ಪಾಠ ಶುರುಮಾಡಿದ ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾಲಯ ಇದನ್ನು ಮೊದಲೇ ಅರಿತಿತ್ತು. ರೇಡಿಯೋ, ಟಿ.ವಿ. ಪಾಠಗಳ ಜೊತೆಗೆ ಊರೂರಿನಲ್ಲಿ ಬೋಧಕರನ್ನು ನೇಮಿಸಿತು, ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಒಂದೆಡೆ ಕರೆಸಿ ಒಂದು ವಾರ ಪಾಠ ಮಾಡಿಸಿತು. ನಮ್ಮಲ್ಲಿ ಸಂಪರ್ಕ ತರಗತಿಗಳನ್ನು ನಡೆಸುವುದೂ ಇದಕ್ಕಾಗಿಯೇ.

ಈಗ ಕಂದು ಕವರಿನ ಜೊತೆಗೆ ಫೋನೂ ಬಂದಿದೆ. ಪಾಠದ ಪುಟಗಳು ಅದರಲ್ಲೇ ಬರುತ್ತವೆ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ವಯಂ’ನಲ್ಲಿ ದೊಡ್ಡ ದೊಡ್ಡ ಪ್ರಾಧ್ಯಾಪಕರ ಪಾಠಗಳನ್ನು ಮನೆಯಲ್ಲೇ ಕೂತು ನೋಡಬಹುದು. ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳೂ ಇವೆ. ಆದರೆ ಆ ಗುಂಪುಗಳಲ್ಲಿ ಏನಿರುತ್ತದೆ? ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ, ಮಧ್ಯಾಹ್ನ ‘ಪರೀಕ್ಷೆ ಯಾವಾಗ’, ರಾತ್ರಿ ‘ಇಂಪಾರ್ಟೆಂಟ್ ಪ್ರಶ್ನೆ ಇದ್ದರೆ ಕಳಿಸಿ’. ಇನ್ನೂರು ಮಂದಿಯ ಗುಂಪಿನಲ್ಲಿ ‘ಮೂರನೆಯ ಪಾಠ ಓದಿದೆಯಾ? ಏನಿದೆ ಅದರಲ್ಲಿ?’ ಎಂದು ಕೇಳುವ ಒಬ್ಬ ಪೋಸ್ಟ್‌ಮ್ಯಾನ್ ಇಲ್ಲ. ಅವರನ್ನು ನಾವೇ ಹುಡುಕಿಕೊಳ್ಳಬೇಕು.

ಏನು ಮಾಡಬಹುದು?

ಮೊದಲನೆಯದು, ಹೊತ್ತು ಮತ್ತು ಜಾಗ. ‘ಬಿಡುವಾದಾಗ ಓದುತ್ತೇನೆ’ ಎಂದರೆ ಮನೆಯಲ್ಲಿ ಬಿಡುವು ಎಂದೂ ಆಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ಆರು ತಿಂಗಳಿಗೆ 20 ಕ್ರೆಡಿಟ್ ಇದ್ದರೆ 600 ಗಂಟೆ, ಅಂದರೆ ದಿನಕ್ಕೆ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಓದುವುದು, ಕೇಳುವುದು, ಬರೆಯುವುದು ಎಲ್ಲ ಸೇರಿ. ಇದು ಬಿಡುವಿನ ಕೆಲಸವಲ್ಲ, ಪೂರ್ತಿ ಒಂದು ಕೆಲಸ. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಎಂದು ಗೊತ್ತು ಮಾಡಿಕೊಳ್ಳಿ. ಮೇಜು ಇಲ್ಲದಿದ್ದರೆ ಬೇಡ, ಗೋಡೆಯ ಬದಿಗೆ ಒಂದು ಚಾಪೆ ಸಾಕು. ಜಾಗ ಮಾತ್ರ ದಿನಾ ಅದೇ ಇರಲಿ. ನೀವು ಅಲ್ಲಿ ಕೂತರೆ ಓದುತ್ತಿದ್ದೀರಿ ಎಂದು ಮನೆಮಂದಿಗೆಲ್ಲ ಗೊತ್ತಾಗಬೇಕು.

ಎರಡನೆಯದು, ಕೇಳುವವರೊಬ್ಬರು. ಅವರಿಗೆ ನಿಮ್ಮ ವಿಷಯ ಗೊತ್ತಿರಬೇಕಿಲ್ಲ. ಅಜ್ಜಿಯಾಗಬಹುದು, ತಮ್ಮನಾಗಬಹುದು, ಪಕ್ಕದ ಮನೆಯ ಅಕ್ಕನಾಗಬಹುದು. ದಿನಕ್ಕೆ ಹತ್ತು ನಿಮಿಷ, ಅವತ್ತು ಓದಿದ್ದನ್ನು ಮನೆಮಾತಿನಲ್ಲಿ ಅವರಿಗೆ ಹೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಪಾಠ ಇನ್ನೂ ಅರ್ಥವಾಗಿಲ್ಲ ಎಂದು ತಿಳಿಯಿರಿ.

ಮೂರನೆಯದು, ಜೊತೆಗಾರರು. ಸಂಪರ್ಕ ತರಗತಿಗಳಿಗೆ ತಪ್ಪದೆ ಹೋಗಿ. ಮುಂದೆ ನಾನೇ ಅಂಥ ತರಗತಿಗಳಲ್ಲಿ ಹಲವು ವರ್ಷ ಪಾಠ ಮಾಡಿದ್ದೇನೆ. ಮೊದಲ ದಿನ ಎಲ್ಲರೂ ಬೇರೆ ಬೇರೆ ಬೆಂಚಿನಲ್ಲಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾರೆ, ಬಸ್ ನಿಲ್ದಾಣದಲ್ಲಿ ಕೂತ ಹಾಗೆ. ಕೊನೆಯ ದಿನ ಟೀ ಅಂಗಡಿಯ ಮುಂದೆ ಎಲ್ಲರಿಗೂ ಮಾತೇ ಮಾತು. ‘ಅಯ್ಯೋ, ನೀವು ಪಕ್ಕದ ತಾಲ್ಲೂಕಿನವರಾ? ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು!’ ಆ ಮಾತನ್ನು ಮೊದಲ ದಿನವೇ ಆಡಿ. ಇಬ್ಬರ ಫೋನ್ ನಂಬರ್ ಪಡೆಯಿರಿ. ಇನ್ನೂರು ಮಂದಿಯ ಗುಂಪು ಬೇಡ, ಮೂವರು ಸಾಕು. ಭಾನುವಾರ ಸಂಜೆ ಇಪ್ಪತ್ತು ನಿಮಿಷ ಫೋನು. ಯಾವ ಪಾಠ ಓದಿದೆ, ಯಾವುದು ಅರ್ಥವಾಗಲಿಲ್ಲ, ಬರುವ ವಾರ ಯಾವುದು. ಈ ಮೂರು ಪ್ರಶ್ನೆಗಳು ಮುಗಿದ ಮೇಲೆ ಬೇಕಾದರೆ ಸಿನಿಮಾ ಮಾತಾಡಿ.

ದಕ್ಷಿಣ ಆಫ್ರಿಕದ ನೆಲ್ಸನ್ ಮಂಡೇಲಾ ರಾಬೆನ್ ದ್ವೀಪದ ಸೆರೆಮನೆಯಲ್ಲಿದ್ದಾಗ ಅಂಚೆಯ ಮೂಲಕ ಕಾನೂನು ಓದಿದರು. ಕೊನೆಗೆ ಕಾನೂನು ಪದವಿ ಸಿಕ್ಕಿದ್ದು 1989ರಲ್ಲಿ, ಇನ್ನೂ ಸೆರೆಯಲ್ಲಿದ್ದಾಗಲೇ. ಅಲ್ಲಿನ ಕೈದಿಗಳು ಸುಣ್ಣದ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಲೇ ಗುಂಪು ಕಟ್ಟಿಕೊಂಡು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಿದ್ದರು. ಸುತ್ತಲೂ ಸಮುದ್ರ, ತಲೆಯ ಮೇಲೆ ಕಾವಲು ಇದ್ದವರೂ ಒಬ್ಬೊಬ್ಬರೇ ಓದಲಿಲ್ಲ.

ನಾಲ್ಕನೆಯದು, ವಾರಕ್ಕೆ ಒಂದು ಸಲವಾದರೂ ಪುಸ್ತಕ ಹಿಡಿದು ಮನೆಯಿಂದ ಹೊರಗೆ ಹೋಗಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. ಅಲ್ಲಿ ನಿಮ್ಮ ಪಠ್ಯ ಸಿಗದಿರಬಹುದು. ಆದರೆ ನಾಲ್ಕು ಜನ ಓದುವವರ ನಡುವೆ ಕೂತು ಓದುವುದೇ ಬೇರೆ. ಊರಿನವರ ಕಣ್ಣಿಗೂ ನೀವು ‘ಓದುವ ಹುಡುಗಿ’, ‘ಓದುವ ಹುಡುಗ’ ಆಗುತ್ತೀರಿ.

ಐದನೆಯದು, ನಿಯೋಜಿತ ಬರಹ, ಅಂದರೆ ಅಸೈನ್‌ಮೆಂಟು. ಇದನ್ನು ಗೆಳೆಯರಿಂದ ನಕಲು ಮಾಡಿ ಕಳಿಸುವವರು ಬಹಳ. ಅಂಕದ ಆಸೆಗೆ ಹಾಗೆ ಮಾಡುತ್ತಾರೆ. ಆದರೆ ದೂರದ ಅಧ್ಯಾಪಕರೊಬ್ಬರು ನಿಮ್ಮ ಬರಹ ಓದಿ ಅಂಚಿನಲ್ಲಿ ಎರಡು ಮಾತು ಬರೆಯಲು ಇರುವ ಅವಕಾಶ ಇದೊಂದೇ. ನೀವೇ ಬರೆಯಿರಿ. ಕೊನೆಯಲ್ಲಿ ‘ಈ ಭಾಗ ನನಗೆ ಅರ್ಥವಾಗಲಿಲ್ಲ’ ಎಂದು ಒಂದು ಸಾಲು ಸೇರಿಸಿದರೂ ತಪ್ಪಿಲ್ಲ. ಹಾಗೆ ಬರೆದ ಒಂದು ಕಟ್ಟು ನನ್ನ ಕೈಗೆ ಬಂದ ದಿನ ನನಗೆ ಹಬ್ಬ.

ತಂದೆತಾಯಿಯರಿಗೆ ನಾಲ್ಕು ಮಾತು

ಮಗ ಅಥವಾ ಮಗಳು ಕಾಲೇಜಿಗೆ ಹೋಗಿದ್ದರೆ ಹತ್ತು ಗಂಟೆಗೆ ಅವರನ್ನು ಅಂಗಡಿಗೆ ಕಳಿಸುತ್ತಿರಲಿಲ್ಲ. ಮನೆಯಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ಹಾಲು, ಗಿರಣಿ, ರೇಷನ್ನು, ನೆಂಟರ ಕಾಫಿ ಎಲ್ಲವೂ ಅವರ ತಲೆಗೆ ಬರುತ್ತದೆ. ಕೆಲಸ ಹೇಳಬೇಡಿ ಎನ್ನುತ್ತಿಲ್ಲ. ಹೇಳಿ. ಆದರೆ ಓದಿನ ಹೊತ್ತು ಎಂದು ಗೊತ್ತು ಮಾಡಿದ ಆ ಒಂದೂವರೆ ಗಂಟೆ ಅವರು ಮನೆಯಲ್ಲಿಲ್ಲ, ಕಾಲೇಜಿನಲ್ಲಿದ್ದಾರೆ ಎಂದುಕೊಳ್ಳಿ.

‘ನಾವು ಓದಿಲ್ಲ, ನಮಗೇನು ಗೊತ್ತು’ ಎಂದು ಹಿಂದೆ ಸರಿಯಬೇಡಿ. ನನ್ನ ಪೋಸ್ಟ್‌ಮ್ಯಾನ್‌ಗೂ ಎಂ.ಎ. ಪಾಠ ಗೊತ್ತಿರಲಿಲ್ಲ. ‘ಎಷ್ಟು ಓದಿದೆ? ಎಷ್ಟು ಬಾಕಿ?’ ಎಂದು ಸಾಲ ವಸೂಲಿಯವರ ಹಾಗೆ ಕೇಳಬೇಡಿ. ‘ಇವತ್ತು ಏನು ಓದಿದೆ, ನಮಗೂ ಒಂದಿಷ್ಟು ಹೇಳು’ ಎಂದು ಕೇಳಿ. ಊಟದ ಹೊತ್ತಿನಲ್ಲಿ ಟಿ.ವಿ. ಐದು ನಿಮಿಷ ಆರಿಸಿದರೆ ಸಾಕು.

ಹೆಣ್ಣುಮಕ್ಕಳನ್ನು ಸಂಪರ್ಕ ತರಗತಿಗೆ ಕಳಿಸಲು ಹಿಂದೆಮುಂದೆ ನೋಡುವ ಮನೆಗಳಿವೆ. ಬಸ್ ಚಾರ್ಜು, ಉಳಿಯುವ ಜಾಗ, ಕಾಲ ಸರಿಯಿಲ್ಲ ಎಂಬ ಭಯ ಎಲ್ಲವೂ ನಿಜ. ಮೊದಲ ದಿನ ನೀವೇ ಜೊತೆಗೆ ಹೋಗಿ, ಜಾಗ ನೋಡಿ, ಅವಳ ಜೊತೆ ಓದುವ ಹುಡುಗಿಯರನ್ನು ಮಾತಾಡಿಸಿ ಬನ್ನಿ. ಭಯ ಅರ್ಧ ಅಲ್ಲೇ ಇಳಿಯುತ್ತದೆ. ‘ಪುಸ್ತಕ ಮನೆಗೇ ಬಂದಿದೆಯಲ್ಲ, ಅಲ್ಲಿಗೆ ಯಾಕೆ ಹೋಗಬೇಕು’ ಎನ್ನಬೇಡಿ. ಪುಸ್ತಕದಲ್ಲಿ ಇಲ್ಲದ್ದು ಅಲ್ಲಿದೆ.

ಇನ್ನೊಂದು ಎಚ್ಚರ. ಒಂಟಿತನ ಬೇರೆ, ಕಾಯಿಲೆ ಬೇರೆ. ಎರಡು ವಾರಕ್ಕೂ ಮೇಲೆ ನಿದ್ದೆ ಕೆಟ್ಟು, ಊಟ ಸೇರದೆ, ಇಷ್ಟವಾಗಿದ್ದ ಕೆಲಸವೂ ಬೇಡವಾಗಿ, ಬದುಕೇ ಬೇಡ ಎಂಬ ಮಾತು ಬಂದರೆ ಅದನ್ನು ಸೋಮಾರಿತನ ಎಂದು ಬೈಯಬೇಡಿ, ದೃಷ್ಟಿ ಎಂದು ಸುಮ್ಮನಾಗಬೇಡಿ. ವೈದ್ಯರಿಗೆ ತೋರಿಸಿ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಇನ್ನು ಪತ್ರ ಬರೆದ ಹುಡುಗಿಗೆ

ಮಗೂ, ಫೀಜು ಕಟ್ಟು. ಇಪ್ಪತ್ತು ದಿನ ಕಾಯಬೇಡ, ಈ ವಾರವೇ ಕಟ್ಟಿಬಿಡು. ಕಟ್ಟಿದ ಮೇಲೆ ನಾಳೆ ಬೆಳಿಗ್ಗೆ ಏಳೂವರೆ ಬಸ್ಸಿನ ಹೊತ್ತಿಗೆ ಒಳಗೆ ಕೂರಬೇಡ. ಬಾಗಿಲಿಗೆ ಬಾ. ನಿನ್ನ ಗೆಳತಿಯರು ಕಾಲೇಜಿಗೆ ಹೋಗುತ್ತಿದ್ದಾರೆ, ನೀನೂ ಬಿ.ಎ. ಓದುತ್ತಿದ್ದೀಯೆ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಅವರಲ್ಲಿ ಯಾರಾದರೂ ನಿನ್ನ ವಿಷಯವನ್ನೇ ಓದುತ್ತಿದ್ದರೆ ಅವರ ನೋಟ್ಸು ಕೇಳು. ನಿನ್ನ ಮುದ್ರಿತ ಪಾಠಗಳನ್ನು ಅವರಿಗೂ ಕೊಡು. ಅವರಿಗೂ ಅದರ ಅಗತ್ಯವಿರಬಹುದು.

ಈ ಅಂಕಣವನ್ನು ಅಮ್ಮನಿಗೆ ಓದಿ ಹೇಳು. ಅವರನ್ನು ದೂರಲು ಅಲ್ಲ. ಎಮ್ಮೆ ಕರೆಯುವಾಗಲೋ ಸೊಪ್ಪು ಬಿಡಿಸುವಾಗಲೋ ಪಕ್ಕದಲ್ಲಿ ಕೂತು ಓದು. ಮುಂದಿನ ಸಲ ಮನೆಗೆ ನೆಂಟರು ಬಂದು ‘ಮಗಳು ಏನು ಮಾಡ್ತಾ ಇದಾಳೆ?’ ಎಂದರೆ ಅವರು ‘ಬಿ.ಎ. ಓದ್ತಾ ಇದಾಳೆ’ ಎನ್ನುತ್ತಾರೆ ಎಂಬ ನಂಬಿಕೆ ನನಗಿದೆ.

ಇನ್ನೊಂದು ಕೆಲಸ. ಈ ವಾರ ಒಂದೇ ಒಂದು ಪಾಠ ಓದು. ಅದರಲ್ಲಿ ಏನಿತ್ತು ಎಂದು ಒಂದು ಕಾರ್ಡಿನಲ್ಲಿ ಬರೆದು ಈ ಪತ್ರಿಕೆಯ ವಿಳಾಸಕ್ಕೆ ಹಾಕು. ಕಾಯುತ್ತಿರುತ್ತೇನೆ. ಬರದಿದ್ದರೆ ನಾನೇ ಕೇಳುತ್ತೇನೆ: ಓದಿ ಆಯ್ತಾ? ಏನೈತೆ ಅದರಲ್ಲಿ?